ತಾರೀಖಿನ ತಂಟೆ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮಗನಿಂದ ಮೈಸೂರಿನ ಮನೆಯೊಂದಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಸಂದೇಶ ಬರುತ್ತದೆ: “03/04ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುತ್ತೇನೆ. ವಿಮಾನ ನಿಲ್ದಾಣಕ್ಕೆ ಕಾರು ಕಳುಹಿಸಿ.” ತಂದೆ ಕನ್ನಡಕ ಏರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 3ರ ಸುತ್ತ ಕೆಂಪು ಶಾಯಿಯ ವೃತ್ತವನ್ನೆಳೆಯುತ್ತಾರೆ.

“ಯುಗಾದಿ ಕಳೆದ ಮೇಲೆ ಬರುತ್ತಾನಂತೆಯೆ? ಹಬ್ಬಕ್ಕೇ ಬರಬಾರದಾಗಿತ್ತೆ?” ಎಂದು ತಾಯಿ ಪೇಚಾಡುತ್ತಾರೆ.

“ರಜ ಸಿಕ್ಕಬೇಡವೇನೇ? ಅವನೇನು ಬೇಕೆಂದು ಹಾಗೆ ಮಾಡುತ್ತಾನೆಯೆ?” ಎಂದು ತಂದೆ ಸಮಾಧಾನ ಹೇಳುತ್ತಾರೆ.

ಮಾರ್ಚ್ 4ರಂದು ಕೋಳಿ ಕೂಗುವ ಹೊತ್ತಿಗೆ ದೂರವಾಣಿ ಮೊಳಗುತ್ತದೆ. “ಅಪ್ಪಾ, ಒಂದು ಗಂಟೆಯಿಂದ ಕಾಯುತ್ತಿದ್ದೇನೆ. ಕಾರು ಎಲ್ಲಿ?”

ಯಾವ ಮನೆಯಲ್ಲಿಯಾದರೂ ನಡೆಯಬಹುದಾದ ಈ ಪ್ರಸಂಗದಲ್ಲಿ ಸ್ವಾರಸ್ಯವೆಂದರೆ, ಮಗ ತಪ್ಪು ಬರೆದಿರಲಿಲ್ಲ. ತಂದೆ ತಪ್ಪು ಓದಿರಲಿಲ್ಲ. ಇಬ್ಬರೂ ಬಳಸಿದ್ದು ಇಂಗ್ಲಿಷ್ ಭಾಷೆಯನ್ನೇ. ಆದರೆ ಇಂಗ್ಲಿಷಿನಲ್ಲಿ ತಾರೀಖನ್ನು ಬರೆಯುವ ಸಂಪ್ರದಾಯಗಳು ಎರಡು. ಇಂಗ್ಲೆಂಡಿನವರೂ ಅವರಿಂದ ಕಲಿತ ಭಾರತೀಯರೂ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ ಎಂಬ ಕ್ರಮವನ್ನು ಅನುಸರಿಸುತ್ತಾರೆ. ಅಮೆರಿಕದವರು ಮೊದಲು ತಿಂಗಳನ್ನಿಟ್ಟು ಅನಂತರ ದಿನವನ್ನಿಡುತ್ತಾರೆ. ಅವರ ಬಾಯಲ್ಲಿ ಬರುವುದೂ “ಮಾರ್ಚ್ ಫೋರ್ತ್” ಎಂದೇ. ಬಾಯಲ್ಲಿ ಬಂದ ಕ್ರಮವೇ ಬರವಣಿಗೆಗೂ ಇಳಿದಿದೆ. ತಮ್ಮ ಸ್ವಾತಂತ್ರ್ಯ ದಿನವನ್ನು ಮಾತ್ರ ಅವರೂ “ಫೋರ್ತ್ ಆಫ್ ಜುಲೈ” ಎಂದು ಹಳೆಯ ಕ್ರಮದಲ್ಲಿಯೇ ಕರೆಯುತ್ತಾರೆ ಎಂಬುದು ಒಂದು ವಿನೋದ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ದುರಂತವನ್ನು ಜಗತ್ತು 9/11 ಎಂದು ಹೆಸರಿಸಿತು. 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ನಡೆದ ದಾಳಿಗೆ ಭಾರತ ಕೊಟ್ಟ ಹೆಸರು 26/11. ಒಂದರಲ್ಲಿ ತಿಂಗಳು ಮುಂದೆ, ಇನ್ನೊಂದರಲ್ಲಿ ದಿನ ಮುಂದೆ. ಬರ್ಲಿನ್ ಗೋಡೆ ತೆರೆದುಕೊಂಡದ್ದು 1989ರ ನವೆಂಬರ್ 9ರಂದು. ದಿನವನ್ನು ಮುಂದಿಡುವ ಜರ್ಮನರಿಗೆ ಅದೂ 9-11ನೆಯ ತಾರೀಖೇ.

26/11ರಂತಹ ತಾರೀಖಿನಿಂದ ಮೋಸವಿಲ್ಲ. ಇಪ್ಪತ್ತಾರನೆಯ ತಿಂಗಳೆಂಬುದು ಎಲ್ಲಿಯೂ ಇಲ್ಲ. ತೊಡಕೆಲ್ಲ ತಿಂಗಳ ಮೊದಲ ಹನ್ನೆರಡು ದಿನಗಳದು. ಹನ್ನೆರಡು ತಿಂಗಳುಗಳಿಗೆ ಹನ್ನೆರಡರಂತೆ ಅವು 144 ಆಗುತ್ತವೆ. ಅವುಗಳಲ್ಲಿ 1/1, 2/2 ಎಂಬಂತಹ ಹನ್ನೆರಡನ್ನು ಹೇಗೆ ಓದಿದರೂ ಒಂದೇ. ಉಳಿದ 132 ದಿನಗಳು ಇಬ್ಬರ ಕೈಯಲ್ಲಿ ಎರಡು ಅರ್ಥ ಕೊಡುತ್ತವೆ. ಎಂದರೆ ವರ್ಷದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ದಿನಗಳು ಸಂದೇಹಕ್ಕೆ ಎಡೆಯಾದವು. ವರ್ಷವನ್ನೂ ಎರಡೇ ಅಂಕಿಗಳಲ್ಲಿ ಬರೆದು ಮುಗಿಸುವವರಿದ್ದರಂತೂ ಕೇಳುವುದೇ ಬೇಡ. 01/02/03 ಎಂಬುದು 2003ರ ಫೆಬ್ರವರಿ 1 ಆಗಬಹುದು, 2003ರ ಜನವರಿ 2 ಆಗಬಹುದು, ವರ್ಷವನ್ನು ಮುಂದಿಡುವವರಿಗೆ 2001ರ ಫೆಬ್ರವರಿ 3 ಕೂಡ ಆಗಬಹುದು.

ವರ್ಷವನ್ನು ಮುಂದಿಡುವ ಕ್ರಮವೂ ಕಲ್ಪನೆಯದಲ್ಲ. 1988ರಲ್ಲಿ ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ವರ್ಷ, ತಿಂಗಳು, ದಿನ ಎಂಬ ಅನುಕ್ರಮವನ್ನು ವಿಧಿಸಿದೆ. 2026-03-04 ಎಂದರೆ ಮಾರ್ಚ್ 4. ಕಾಗದಪತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಡಬೇಕಾದವರಿಗೂ ಗಣಕಯಂತ್ರಗಳಿಗೂ ಇದು ಬಲು ಅನುಕೂಲ. ಆದರೆ ಮನೆಯ ಪತ್ರಕ್ಕೆ ಇಷ್ಟು ದೂರ ಹೋಗಬೇಕಾಗಿಲ್ಲ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆದು, ವರ್ಷಕ್ಕೆ ನಾಲ್ಕು ಅಂಕಿಗಳನ್ನೂ ಕೊಟ್ಟರೆ ತಂಟೆ ಅಲ್ಲಿಗೇ ಮುಗಿಯಿತು. “4 ಮಾರ್ಚ್ 2026” ಎಂದು ಬರೆದರೂ “ಮಾರ್ಚ್ 4, 2026” ಎಂದು ಬರೆದರೂ ಯಾವ ದೇಶದವನೂ ಅದನ್ನು ಏಪ್ರಿಲ್ ಎಂದು ಓದಲಾರನು.

ಕಾರು ತಡವಾದರೆ ಹೋಗುವುದು ಎರಡು ಗಂಟೆಯ ಹೊತ್ತು. ಔಷಧದ ವಿಷಯ ಹಾಗಲ್ಲ. ಭಾರತದ ಔಷಧದ ಪಟ್ಟಿಯ ಮೇಲೆ ಅವಧಿ ಮುಗಿಯುವ ಕಾಲವನ್ನು ಸಾಮಾನ್ಯವಾಗಿ ತಿಂಗಳು ಮತ್ತು ವರ್ಷಗಳಲ್ಲಿ ಅಚ್ಚು ಮಾಡಿರುತ್ತಾರೆ. ಆ ತಿಂಗಳ ಕೊನೆಯ ದಿನದವರೆಗೆ ಅದನ್ನು ಬಳಸಬಹುದೆಂದು ನಿಯಮವೇ ಹೇಳುತ್ತದೆ. ತಿಂಗಳು ಹುಟ್ಟಿತೆಂದು ಹೆದರಿ ಒಳ್ಳೆಯ ಗುಳಿಗೆಯನ್ನು ಎಸೆಯಬೇಕಾಗಿಲ್ಲ. ತಿಂಗಳು ಕಳೆದ ಮೇಲೆ ಉಳಿಸಿಕೊಳ್ಳುವಂತೆಯೂ ಇಲ್ಲ. ಆದರೆ ಹೊರದೇಶದ ನೆಂಟರು ತಂದುಕೊಟ್ಟ ಸೀಸೆಯ ಮೇಲೆ 05/11 ಎಂದು ಮೊದಲಾಗುವ ತಾರೀಖಿದ್ದರೆ, ಅದು ಮೇ ತಿಂಗಳೋ ನವೆಂಬರೋ ಎಂಬುದನ್ನು ಸೀಸೆ ಯಾವ ದೇಶದ್ದೆಂದು ನೋಡಿಯೇ ತಿಳಿಯಬೇಕು. ನಡುವೆ ಆರು ತಿಂಗಳ ಅಂತರವಿದೆ. ಸಂದೇಹ ತೀರದಿದ್ದರೆ ಔಷಧದಂಗಡಿಯವರನ್ನು ಕೇಳದೆ ಸೀಸೆಯ ಮುಚ್ಚಳ ತೆಗೆಯದಿರುವುದೇ ವಿವೇಕ.

ನಡುರಾತ್ರಿಯ ತೊಡಕು

ಪಂಚಾಂಗದ ಲೆಕ್ಕದಲ್ಲಿ ವಾರವೆಂಬುದು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ರಾತ್ರಿ ಎಷ್ಟು ಹೊತ್ತಾದರೂ ಬೆಳಗಾಗುವ ತನಕ ಅಜ್ಜಿಗೆ ಅದು ಶುಕ್ರವಾರವೇ. ಇಂಗ್ಲಿಷ್ ತಾರೀಖಾದರೋ ನಡುರಾತ್ರಿ ಹನ್ನೆರಡಕ್ಕೆ ಮಗ್ಗುಲು ಬದಲಾಯಿಸುತ್ತದೆ. “ಜುಲೈ 5, 12-10 ಎ.ಎಂ.” ಎಂದು ಟಿಕೇಟಿನಲ್ಲಿದ್ದರೆ, ಪ್ರಯಾಣಿಕರು ಮನೆ ಬಿಡಬೇಕಾದದ್ದು ಜುಲೈ 4ರ ಸಂಜೆ. 5ರ ರಾತ್ರಿ ಊಟ ಮುಗಿಸಿ ನಿಧಾನವಾಗಿ ಹೊರಟವರಿಗೆ ವಿಮಾನ ಹಿಂದಿನ ರಾತ್ರಿಯೇ ಹಾರಿಹೋಗಿರುತ್ತದೆ.

“12 ಎ.ಎಂ.” ಎಂದರೆ ನಡುರಾತ್ರಿ, “12 ಪಿ.ಎಂ.” ಎಂದರೆ ನಡುಹಗಲು ಎಂಬುದು ರೂಢಿ. ಆದರೆ ಬರೆಯುವವರೂ ಓದುವವರೂ ಅದನ್ನು ಮರೆಯುವುದು ಸಹಜ. “15ರ ನಡುರಾತ್ರಿ” ಎಂದರೂ ಅದು 15ನೆಯ ತಾರೀಖಿನ ಮೊದಲೋ ಕೊನೆಯೋ ಎಂಬ ಪ್ರಶ್ನೆ ಉಳಿಯುತ್ತದೆ. ಭಾರತ ಸ್ವತಂತ್ರವಾದ ಗಳಿಗೆಯನ್ನು “1947ರ ಆಗಸ್ಟ್ 14-15ರ ನಡುರಾತ್ರಿ” ಎಂದು ಎರಡೂ ತಾರೀಖುಗಳನ್ನು ಕೂಡಿಸಿ ಬರೆಯುವ ಪದ್ಧತಿ ಇದೆ. ಅದಕ್ಕಿಂತ ಸ್ಪಷ್ಟವಾದ ಕ್ರಮ ಇನ್ನಿಲ್ಲ. ಅರ್ಜಿಯ ಕೊನೆಯ ಹೊತ್ತನ್ನು “ರಾತ್ರಿ 11-59” ಎಂದು ಮುದ್ರಿಸುವುದರ ಹಿಂದಿರುವುದೂ ಇದೇ ಎಚ್ಚರ. ಅಲ್ಲಿಯೂ ಯಾವ ಊರಿನ ಗಡಿಯಾರವೆಂದು ನೋಡಬೇಕು. ನ್ಯೂಯಾರ್ಕಿನ ಡಿಸೆಂಬರ್ 15ರ ರಾತ್ರಿ 11-59 ಎಂದರೆ ಬೆಂಗಳೂರಿನಲ್ಲಿ 16ರ ಬೆಳಗ್ಗೆ 10-29. ಲಂಡನ್ನಿನ ಅದೇ ಹೊತ್ತಿಗೆ ಇಲ್ಲಿ 16ರ ಬೆಳಗಿನ 5-29 ಆಗಿರುತ್ತದೆ. ಅಮೆರಿಕದ ವಿದ್ಯಾಲಯಕ್ಕೆ ಅರ್ಜಿ ಹಾಕುವ ಹುಡುಗಿ ಕೊನೆಯ ರಾತ್ರಿ ನಿದ್ದೆಗೆಡಬೇಕಾದ ಅಗತ್ಯವಿಲ್ಲ. ಆದರೆ ಲಂಡನ್ನಿಗೆ ಹಾಕುವವಳು ಬೆಳಗ್ಗೆ ಎದ್ದು ನೋಡೋಣವೆಂದು ಮಲಗಿದರೆ ಕೆಟ್ಟಳು.

ಗಡುವಿನ ಗಡಿ

ಗಡುವಿಗೆ ಇಂಗ್ಲಿಷಿನವರಿಟ್ಟಿರುವ ಹೆಸರು ಡೆಡ್‌ಲೈನ್. ಈ ಮಾತಿನ ಹುಟ್ಟು ಕಠೋರವಾದದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯದ ಆಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳನ್ನು ಬಯಲಿನಲ್ಲಿ ಕೂಡಿಹಾಕಿದ್ದ ಸೆರೆಮನೆಯೊಂದಿತ್ತು. ಅದರ ಹೊರಗೋಡೆಯ ಒಳಬದಿಯಲ್ಲಿ ಒಂದು ಗೆರೆಯನ್ನು ಗುರುತು ಮಾಡಿದ್ದರು. ಅದನ್ನು ದಾಟಿದವನಿಗೆ ಕಾವಲುಗಾರನ ಗುಂಡು. ಮುಂದೆ ಪತ್ರಿಕಾಲಯಗಳು ಈ ಮಾತನ್ನು ಎತ್ತಿಕೊಂಡು, ಸುದ್ದಿ ಕೈಸೇರಬೇಕಾದ ಕೊನೆಯ ಹೊತ್ತಿಗೆ ಬಳಸಿದವು. ಈಗ ಗೆರೆ ದಾಟಿದವನ ಪ್ರಾಣ ಹೋಗುವುದಿಲ್ಲ. ಕೆಲಸವೋ ಸೀಟೋ ಹೋಗುತ್ತದೆ, ಅಷ್ಟೆ.

ಈ ಗೆರೆ ಎಲ್ಲಿದೆಯೆಂದು ತೋರಿಸುವ ಇಂಗ್ಲಿಷ್ ಮಾತುಗಳು ಪುಟ್ಟವು, ಆದರೆ ಪ್ರಬಲವಾದವು. “ಬೈ ಫ್ರೈಡೆ” ಎಂದರೆ ಶುಕ್ರವಾರ ಮುಗಿಯುವುದರೊಳಗೆ, ಶುಕ್ರವಾರವೂ ಸೇರಿತು. “ಬಿಫೋರ್ ಫ್ರೈಡೆ” ಎಂದರೆ ಗುರುವಾರಕ್ಕೇ ಮುಗಿಯಬೇಕು. “ಅಂಟಿಲ್ ಫ್ರೈಡೆ” ಎಂಬುದು ಒಂದೇ ಸಮನೆ ನಡೆಯುತ್ತಿರುವ ಕ್ರಿಯೆಗೆ ಸಲ್ಲುತ್ತದೆ. “ಶುಕ್ರವಾರದ ವೇಳೆಗೆ ಬೆಂಗಳೂರಿನಲ್ಲಿರುತ್ತೇನೆ” ಎನ್ನಲು “ಬೈ” ಬೇಕು. “ಶುಕ್ರವಾರದವರೆಗೆ ಬೆಂಗಳೂರಿನಲ್ಲಿರುತ್ತೇನೆ” ಎನ್ನಲು “ಅಂಟಿಲ್” ಬೇಕು. ಒಂದು ಬರುವವರ ಮಾತು, ಇನ್ನೊಂದು ಹೊರಡುವವರ ಮಾತು. ಇವೆರಡನ್ನು ಅದಲುಬದಲು ಮಾಡಿದರೆ ಅತಿಥಿ ಬರುವ ದಿನ ಮನೆಗೆ ಬೀಗ ಬಿದ್ದಿರುತ್ತದೆ.

“ಹತ್ತು ದಿನದಲ್ಲಿ ಹಣ ಕಳುಹಿಸುತ್ತೇನೆ” ಎಂದು ಕನ್ನಡದಲ್ಲಿ ಹೇಳಿದವರ ಮನಸ್ಸಿನಲ್ಲಿರುವುದು ಹತ್ತು ದಿನದ ಒಳಗೆ ಎಂದು. ಅದನ್ನೇ “ಇನ್ ಟೆನ್ ಡೇಸ್” ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಓದುವವನು ಹತ್ತು ದಿನ ಕಳೆದ ಮೇಲೆ ಎಂದು ತಿಳಿಯಬಹುದು. ಒಳಗೆ ಎನ್ನುವುದಕ್ಕೆ “ವಿಥಿನ್” ಎಂಬ ಬೇರೆ ಮಾತೇ ಇದೆ. “ನೆಕ್ಸ್ಟ್ ಫ್ರೈಡೆ” ಎಂದರೆ ಬರುವ ಶುಕ್ರವಾರವೋ ಅದರಾಚೆಯದೋ ಎಂಬುದರಲ್ಲಿ ಇಂಗ್ಲಿಷಿನವರಿಗೇ ಒಮ್ಮತವಿಲ್ಲ. “ಬೈಮಂತ್ಲಿ” ಎಂಬುದು ತಿಂಗಳಿಗೆ ಎರಡು ಸಲವೂ ಆಗಬಹುದು, ಎರಡು ತಿಂಗಳಿಗೆ ಒಂದು ಸಲವೂ ಆಗಬಹುದು. ಇಂತಹ ಮಾತುಗಳನ್ನು ಕೈಬಿಟ್ಟು ತಾರೀಖನ್ನೇ ಕೊಡುವುದು ಲೇಸು.

ದಿನಗಳನ್ನು ಎಣಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಕನ್ನಡಿಗರು ವಾರಕ್ಕೆ ಎಂಟು ದಿನವೆನ್ನುವುದುಂಟು, ಪಕ್ಷಕ್ಕೆ ಹದಿನೈದು ದಿನವೆನ್ನುತ್ತಾರೆ. ಮೊದಲ ದಿನವನ್ನೂ ಕೊನೆಯ ದಿನವನ್ನೂ ಸೇರಿಸಿ ಎಣಿಸುವುದು ಇಲ್ಲಿಯ ರೂಢಿ. ಮಗು ಹುಟ್ಟಿದ ದಿನವನ್ನು ಸೇರಿಸಿಕೊಂಡೇ ಹನ್ನೆರಡನೆಯ ದಿನದ ನಾಮಕರಣ ಗೊತ್ತಾಗುತ್ತದೆ. ಇಂಗ್ಲಿಷಿನವರ “ಫೋರ್ಟ್‌ನೈಟ್” ಎಂದರೆ ಹದಿನಾಲ್ಕು ರಾತ್ರಿ. ಅವರು ಎಣಿಸುವುದು ನಡುವೆ ಕಳೆದ ಕಾಲವನ್ನು, ಇವರು ಎಣಿಸುವುದು ತಾಗಿದ ದಿನಗಳನ್ನು.

ಕಾನೂನು ಹಿಡಿದಿರುವುದು ಇಂಗ್ಲಿಷ್ ಲೆಕ್ಕವನ್ನು. 1897ರ ಜನರಲ್ ಕ್ಲಾಸಸ್ ಆಕ್ಟಿನ 9ನೆಯ ಸೆಕ್ಷನ್ನಿನ ಪ್ರಕಾರ, ಕೇಂದ್ರದ ಕಾನೂನುಗಳಲ್ಲಿ “ಫ್ರಮ್” ಎಂಬ ಮಾತು ಬಂದರೆ ಮೊದಲ ದಿನ ಬಿಟ್ಟುಹೋಗುತ್ತದೆ, “ಟು” ಎಂದರೆ ಕೊನೆಯ ದಿನ ಸೇರಿಕೊಳ್ಳುತ್ತದೆ. ಜೂನ್ 1ರಿಂದ ಮೂವತ್ತು ದಿನವೆಂದರೆ ಎಣಿಕೆ ಮೊದಲಾಗುವುದು ಜೂನ್ 2ರಂದು, ಮುಗಿಯುವುದು ಜುಲೈ 1ರಂದು. ಕೊನೆಯ ದಿನ ಕೋರ್ಟೋ ಕಚೇರಿಯೋ ಮುಚ್ಚಿದ್ದರೆ, ಮುಂದೆ ಬಾಗಿಲು ತೆರೆದ ದಿನ ಆ ಕೆಲಸ ಮಾಡಬಹುದೆಂದು 10ನೆಯ ಸೆಕ್ಷನ್ ಹೇಳುತ್ತದೆ. ಇಷ್ಟು ಕೇಳಿ ಎಲ್ಲ ವಾಯಿದೆಗಳೂ ಹೀಗೆಯೇ ಎಂದು ನಂಬುವಂತಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನಂತೆ, ಪ್ರಾಮಿಸರಿ ನೋಟಿನ ವಾಯಿದೆ ಸಾರ್ವಜನಿಕ ರಜದ ದಿನ ಬಿದ್ದರೆ ಹಣ ಸಲ್ಲಬೇಕಾದದ್ದು ಅದರ ಹಿಂದಿನ ಕೆಲಸದ ದಿನದಂದು. ಒಂದು ಕಾನೂನು ದಿನವನ್ನು ಮುಂದಕ್ಕೆ ದೂಡಿದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಚೆಕ್ಕಿನ ಆಯುಸ್ಸು ಹಿಂದೆ ಆರು ತಿಂಗಳಿದ್ದದ್ದು 2012ರ ಏಪ್ರಿಲ್ 1ರಿಂದ ಮೂರು ತಿಂಗಳಿಗೆ ಇಳಿದಿದೆ. ಬೀರುವಿನಲ್ಲಿ ಚೆಕ್ಕನ್ನು ಭದ್ರವಾಗಿಟ್ಟು ಮರೆಯುವವರು ಇದನ್ನು ನೆನಪಿನಲ್ಲಿಡಬೇಕು. ಕೊನೆಯ ದಿನಕ್ಕೆ ಕಾಯದವರಿಗೆ ಈ ಸೆಕ್ಷನ್ನುಗಳ ಹಂಗಿಲ್ಲ.

ಯಾವ ಶತಮಾನ?

ತಾರೀಖಿನಿಂದ ಶತಮಾನಕ್ಕೆ ಬಂದರೆ ಶಾಲೆಯ ಮಕ್ಕಳನ್ನು ಕಾಡುವ ಇನ್ನೊಂದು ಗಂಟು ಎದುರಾಗುತ್ತದೆ. ಬಸವಣ್ಣನವರು 1100ರ ಈಚಿನ ವರ್ಷಗಳಲ್ಲಿದ್ದವರು; ಆದರೂ ಅವರದು ಹನ್ನೆರಡನೆಯ ಶತಮಾನ. ಪಂಪನು ಭಾರತವನ್ನು ಬರೆದದ್ದು 941ರಲ್ಲಿ. ಅದು ಹತ್ತನೆಯ ಶತಮಾನ. ವಿಜಯನಗರದ ಸ್ಥಾಪನೆಯ ವರ್ಷವೆಂದು ಹೇಳುವ 1336 ಹದಿನಾಲ್ಕನೆಯ ಶತಮಾನಕ್ಕೂ, ತಾಳೀಕೋಟೆಯ ಯುದ್ಧ ನಡೆದ 1565 ಹದಿನಾರನೆಯ ಶತಮಾನಕ್ಕೂ ಸೇರುತ್ತವೆ. ಅಂಕಿಯಲ್ಲಿ ಕಾಣುವುದಕ್ಕಿಂತ ಶತಮಾನ ಒಂದು ಹೆಚ್ಚು.

ಇದಕ್ಕೆ ಉತ್ತರ ಅಜ್ಜಿಯ ಮಾತಿನಲ್ಲಿಯೇ ಇದೆ. ಮೊಮ್ಮಗನ ವಯಸ್ಸನ್ನು ಕೇಳಿದರೆ, “ಹನ್ನೊಂದು ತುಂಬಿ ಹನ್ನೆರಡರಲ್ಲಿ ನಡೆಯುತ್ತಿದೆ” ಎನ್ನುತ್ತಾರೆ. 1150ರಲ್ಲಿ ಹನ್ನೊಂದು ನೂರುಗಳು ತುಂಬಿ ಹನ್ನೆರಡನೆಯದು ನಡೆಯುತ್ತಿತ್ತು. ಶಾಸನಗಳಲ್ಲಿ ಶಕವರ್ಷವನ್ನು ಕೆಲವೆಡೆ ಗತವರ್ಷವೆಂದೂ ಕೆಲವೆಡೆ ವರ್ತಮಾನವೆಂದೂ ಎಣಿಸಿರುವುದರಲ್ಲಿ ಇರುವುದು ಇದೇ ಭೇದ. ತುಂಬಿದ್ದನ್ನು ಹೇಳುವುದು ಒಂದು ಲೆಕ್ಕ, ನಡೆಯುತ್ತಿರುವುದನ್ನು ಹೇಳುವುದು ಇನ್ನೊಂದು.

ಹಾಗಾದರೆ 1900 ಯಾವ ಶತಮಾನದ್ದು? ಹತ್ತೊಂಬತ್ತನೆಯದರ ಕೊನೆಯ ವರ್ಷ. ಕ್ರಿಸ್ತಶಕದ ಎಣಿಕೆಯನ್ನು 525ರಲ್ಲಿ ಡಯೊನೀಸಿಯಸ್ ಎಕ್ಸಿಗ್ಯುಅಸ್ ಎಂಬ ಸಂನ್ಯಾಸಿ ಹಾಕಿಕೊಟ್ಟನು. ರೋಮನ್ ಅಂಕಿಗಳಲ್ಲಿ ಸೊನ್ನೆಯೆಂಬುದೇ ಇಲ್ಲ. ಕ್ರಿಸ್ತಶಕ ಮೊದಲಾಗುವುದು ಒಂದರಿಂದ. ಅದರ ಹಿಂದಿನದು ಕ್ರಿಸ್ತಪೂರ್ವ ಒಂದು. ಮೊದಲ ನೂರು 100ನೆಯ ವರ್ಷದ ಕೊನೆಗೆ ತುಂಬಿತು, ಎರಡನೆಯದು 101ರಲ್ಲಿ ಮೊದಲಾಯಿತು. ಕ್ರಿಕೆಟ್ ಬಲ್ಲ ಹುಡುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನೂರನೆಯ ಓಟವನ್ನು ಓಡಿ ಮುಗಿಸದೆ ಸೆಂಚುರಿ ಆಗುವುದಿಲ್ಲ.

ಈ ಲೆಕ್ಕಕ್ಕೆ ದೊಡ್ಡವರೂ ತಲೆ ಕೆಡಿಸಿಕೊಂಡದ್ದುಂಟು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ 1900ರ ಜನವರಿ 1ರಂದೇ ಇಪ್ಪತ್ತನೆಯ ಶತಮಾನವನ್ನು ಸ್ವಾಗತಿಸಿದನು. ಇಂಗ್ಲೆಂಡ್ 1901ರವರೆಗೆ ಕಾಯಿತು. ನೂರು ವರ್ಷಗಳ ಅನಂತರ ಜಗತ್ತೆಲ್ಲ ಪಟಾಕಿ ಹಾರಿಸಿದ್ದು 2000ದ ಜನವರಿ 1ರಂದು. ಲೆಕ್ಕದ ಪ್ರಕಾರ ಇಪ್ಪತ್ತೊಂದನೆಯ ಶತಮಾನ ಮೊದಲಾದದ್ದು 2001ರ ಜನವರಿ 1ರಂದು. ಕ್ರಿ.ಪೂ. 70ರಲ್ಲಿ ಹುಟ್ಟಿದ ವರ್ಜಿಲ್ ಮಹಾಕವಿಯ ಎರಡು ಸಾವಿರದ ಜಯಂತಿಯನ್ನು 1930ರಲ್ಲಿ ಆಚರಿಸಿದರು. ನಡುವೆ ಸೊನ್ನೆಯ ವರ್ಷ ಇಲ್ಲದ್ದರಿಂದ ಎರಡು ಸಾವಿರ ತುಂಬಿದ್ದು 1931ರಲ್ಲಿ.

ಕ್ರಿಸ್ತಪೂರ್ವದಲ್ಲಿ ಎಣಿಕೆ ಹಿಮ್ಮುಖವಾಗಿ ನಡೆಯುತ್ತದೆ. ಕ್ರಿ.ಪೂ. ಮೂರನೆಯ ಶತಮಾನವೆಂದರೆ 300ರಿಂದ 201ರವರೆಗೆ. ಮಸ್ಕಿಯ ಬಂಡೆಯ ಮೇಲೆ ಹೆಸರು ಬಿಟ್ಟುಹೋದ ಅಶೋಕನ ಕಾಲ ಅದೇ. ಇಂಗ್ಲಿಷಿನಲ್ಲಿ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಕನ್ನಡದಲ್ಲಿ ಕ್ರಿ.ಶ., ಕ್ರಿ.ಪೂ. ಎರಡೂ ಅಂಕಿಯ ಮುಂದೆ ಬರುತ್ತವೆ. ಇಂಗ್ಲಿಷಿನಲ್ಲಿ “ಎ.ಡಿ.” ಎಂಬುದಕ್ಕೆ ಅಂಕಿಯ ಮುಂದೆ ಕೂರುವುದು ಸಾಂಪ್ರದಾಯಿಕ ಪದ್ಧತಿ, “ಬಿ.ಸಿ.” ಮಾತ್ರ ಅಂಕಿಯ ಹಿಂದೆ ಬರುತ್ತದೆ. “ನೈಂಟೀನ್ ಹಂಡ್ರೆಡ್ಸ್” ಎಂಬ ಮಾತು ಹತ್ತು ವರ್ಷಕ್ಕೂ ಸಲ್ಲುತ್ತದೆ, ನೂರು ವರ್ಷಕ್ಕೂ ಸಲ್ಲುತ್ತದೆ. ಪರೀಕ್ಷೆಯ ಉತ್ತರದಲ್ಲಿ ಅದನ್ನು ಬಳಸದೆ, “1900ರಿಂದ 1909” ಎಂದೋ “ಇಪ್ಪತ್ತನೆಯ ಶತಮಾನ” ಎಂದೋ ಬಿಡಿಸಿ ಬರೆಯುವುದು ಕ್ಷೇಮ.

ಹಳೆಯ ಶಾಸನಗಳ ಪಾಠ

ತಾರೀಖು ಒಂದೇ ಆದರೂ ದಿನ ಬೇರೆಯಾಗುವ ವಿಚಿತ್ರವೂ ಚರಿತ್ರೆಯಲ್ಲಿದೆ. ರೋಮಿನ ಕಡೆಯ ದೇಶಗಳು 1582ರಲ್ಲಿ ಪಂಚಾಂಗವನ್ನು ತಿದ್ದಿಕೊಂಡರೆ, ಇಂಗ್ಲೆಂಡ್ ಅದಕ್ಕೆ ಒಪ್ಪಿದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಹೊಸ ವರ್ಷವೂ ಮಾರ್ಚ್ 25ರ ಬದಲು ಜನವರಿ 1ಕ್ಕೆ ಸರಿಯಿತು. ಅದರಿಂದಲೇ ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ಯಾವ ಲೆಕ್ಕವೆಂದು ಹೇಳದಿದ್ದರೆ ಒಬ್ಬನಿಗೆ ಎರಡು ಜನ್ಮ ಬಂದಂತಾಗುತ್ತದೆ.

ಕನ್ನಡ ನಾಡಿನ ಶಾಸನಕಾರರು ಈ ಅಪಾಯವನ್ನು ಬಲ್ಲವರಂತೆ ಬರೆದಿದ್ದಾರೆ. ಶಕವರ್ಷವೊಂದನ್ನೇ ಕೊಟ್ಟು ಕೈತೊಳೆದುಕೊಳ್ಳದೆ ಅನೇಕ ಶಾಸನಗಳು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನೂ ಹೇಳುತ್ತವೆ. ಗ್ರಹಣವೋ ಸಂಕ್ರಮಣವೋ ಇದ್ದರೆ ಅದನ್ನೂ ಹೇಳುತ್ತವೆ. ಒಂದು ಅಂಕಿ ಅಳಿಸಿಹೋದರೂ ಉಳಿದವು ಸಾಕ್ಷಿ ನುಡಿಯುತ್ತವೆ. ನೂರಾರು ವರ್ಷಗಳ ಮೇಲೆ ವಿದ್ವಾಂಸರು ಆ ವಾರವನ್ನೂ ತಿಥಿಯನ್ನೂ ತಾಳೆನೋಡಿ ದಾನ ಕೊಟ್ಟ ದಿನವನ್ನು ನಿರ್ಣಯಿಸಬಲ್ಲರು.

ಇಂಗ್ಲಿಷ್ ಪತ್ರಕ್ಕೂ ಇದೇ ವಿವೇಕ ಸಾಕು. ತಿಂಗಳ ಹೆಸರು, ಪೂರ್ತಿ ವರ್ಷ, ಜೊತೆಗೆ ವಾರ. ಹೊತ್ತು ಮುಖ್ಯವಾದರೆ ಯಾವ ಊರಿನ ಹೊತ್ತು ಎಂಬ ಒಂದು ಮಾತು. ಮೈಸೂರಿನ ಮನೆಯ ಮಗ “ಬುಧವಾರ, 4 ಮಾರ್ಚ್ 2026, ಬೆಂಗಳೂರು ಸಮಯ ಬೆಳಗ್ಗೆ 4 ಗಂಟೆ” ಎಂದು ಬರೆದಿದ್ದರೆ, ತಂದೆಯ ಕೆಂಪು ವೃತ್ತ ತನ್ನ ಸ್ಥಳದಲ್ಲಿಯೇ ಬೀಳುತ್ತಿತ್ತು. ಮಗ ಹಬ್ಬಕ್ಕೇ ಮನೆಯಲ್ಲಿರುತ್ತಾನೆಂಬ ಸಂತೋಷವೂ ತಾಯಿಗೆ ನಾಲ್ಕು ದಿನ ಮುಂಚಿತವಾಗಿ ದಕ್ಕುತ್ತಿತ್ತು.